ಕೂದ್ಲಪ್ಪ ಒಳ್ಳೆಯವನಾಗೋ ಪುಸ್ತಕ

೧೦ ಅಕ್ಟೋಬರ್ ೨೦೦೭

ಇವತ್ತು ನನಗ ಬಂದಿರೋ ಸಿಟ್ಟಿಗೆ ಯಾರನ್ನಾದ್ರೂ ಹೊಡೀಬೇಕು, ಇಲ್ಲಾ ಬರೀಬೇಕು. ಹೊಡಿಯಾಕ ಸಿಗಬೇಕಾದವ ಸಂಡೂರಿನಾಗ ಇದ್ದಾನ, ಅದಕ್ಕ ಈ ಡೈರಿ ತೆಗೆದೀನಿ. ಇದೂ ಅವನ ಟ್ರಾನ್ಸ್‌ಪೋರ್ಟಿನವರೇ ಹೊಸ ವರ್ಷಕ್ಕ ಹಂಚಿದ್ದು. ರಟ್ಟಿನ ಮ್ಯಾಲೆ ತಿರುಪತಿ ತಿಮ್ಮಪ್ಪ, ಅವನ ಪಾದದ ಕೆಳಗ ಅದಿರು ತುಂಬಿದ ಲಾರಿ. ಜನವರಿಯಿಂದ ಖಾಲಿ ಬಿದ್ದಿತ್ತು.

ಅಕ್ಕ ಬಂದಾಳ. ಒಬ್ಬಾಕಿನೇ, ಬಸ್ಸಿನಾಗ, ಕೈಯಾಗ ಒಂದು ಪ್ಲಾಸ್ಟಿಕ್ ಚೀಲ. ಮನಿ ಮುಂದ ಎರಡು ಕಾರು ನಿಲ್ಲಿಸಿಕೊಂಡಿರೋ ಮನುಷ್ಯನ ಹೆಂಡ್ತಿ ತಲಿ ತುಂಬ ಕೆಂಪು ಧೂಳು ಹೊತ್ತುಕೊಂಡು ಸಂಡೂರು ಬಸ್ಸಿನಿಂದ ಇಳಿದ್ರ ಕಾರಣ ಕೇಳೋದೇ ಬ್ಯಾಡ. ಅಮ್ಮ ಕೇಳಿದ್ಲು. “ಸುಮ್ನೆ ಬಂದೆ, ದಸರಾ ಬಂತಲ್ಲ” ಅಂದ್ಲು ಅಕ್ಕ. ನಾನು ಎಡಗಡೆ ನಿಂತು “ಚಹಾ ಕುಡೀತೀ ಏನಕ್ಕಾ?” ಅಂದೆ. ಕೇಳಿಸಲಿಲ್ಲ. ಮತ್ತೊಮ್ಮೆ ಜೋರಾಗಿ ಅಂದೆ. ಊಹೂಂ. ಬಲಗಡೆ ಹೋಗಿ ಅಂದಾಗ ತಿರುಗಿದ್ಲು.

ಆಮ್ಯಾಲೆ ಬಾಯಿ ಬಿಟ್ಲು. ಊಟಕ್ಕ ಬಂದ ಗೆಸ್ಟುಗಳಿಗೆ ಎರಡನೇ ಸಲ ಅನ್ನ ಬಡಿಸೋದು ತಡ ಆತಂತ. ಅವರನ್ನ ಗೇಟಿನ ತನಕ ಕಳಿಸಿ, ಕೈ ಮುಗಿದು, ಒಳಗ ಬಂದು ಕಿವಿ ಮ್ಯಾಲೆ ಬಿಗಿದಾನ. ಭಾರ್ಗವ ರಾವ್, ಬಿ.ಕಾಂ. ಗುರುವಾರ ಒಪ್ಪೊತ್ತು, ಏಕಾದಶಿ ನಿರಾಹಾರ. ಕೈಗೆ ಮಾತ್ರ ಯಾವ ದಿನವೂ ರಜಾ ಇಲ್ಲ.

ಅಮ್ಮ ಎಣ್ಣಿ ಬೆಚ್ಚಗ ಮಾಡಿ ಕಿವಿಗೆ ಬಿಟ್ಲು. ಪೊಲೀಸ್ ಸ್ಟೇಷನ್ನಿಗೆ ಹೋಗೋಣ ನಡೀರಿ ಅಂದೆ ನಾನು. ಅಪ್ಪ ಪೇಪರ್ ಮಡಚಿ, “ಅರ್ಚಿತಾ, ನಿನ್ನ ತಲಿ ಮ್ಯಾಲೆ ಇರೋ ಈ ಸ್ಲ್ಯಾಬು ಯಾರು ಹಾಕಿಸಿದ್ದು ನೋಡಿ ಮಾತಾಡು” ಅಂದ್ರು. ನೀರಾವರಿ ಆಫೀಸಿನಾಗ ಇಡೀ ಜೀವನ ಗುಮಾಸ್ತಿಕಿ ಮಾಡಿದವರು, ತಲಿ ತಗ್ಗಿಸೋದು ರಿಟೈರ್ ಆದ ಮ್ಯಾಲೂ ಬಿಟ್ಟಿಲ್ಲ.

ಅಕ್ಕನ್ನ ಮತ್ತ ಆ ಮನಿಗೆ ಕಳಿಸಿದ್ರ ನಾನು ನಾನೇ ಅಲ್ಲ. ಬರದು ಇಟ್ಟೀನಿ.

೧೧ ಅಕ್ಟೋಬರ್

ದಸರಾ ಗೊಂಬಿ ಇಳಿಸಾಕ ಅಂತ ಅಕ್ಕ ಅಟ್ಟ ಹತ್ತಿದ್ಲು. ಗೊಂಬಿ ಬಿಟ್ಟು ಒಂದು ಪುಸ್ತಕ ಎತ್ತಿಕೊಂಡು ಇಳಿದ್ಲು. ನೋಡಿದ ಕೂಡ್ಲೇ ಇಬ್ಬರೂ ಕಿರುಚಿದ್ವಿ. ಕೂದ್ಲಪ್ಪ! ನಮ್ಮ ಕೂದ್ಲಪ್ಪ!

ಅಪ್ಪಗ ಆಗ ಹಂಪಿ ಕಡೆ ಕಾಲುವಿ ಡ್ಯೂಟಿ. ರಜಾದಾಗ ನಾವಿಬ್ಬರೂ ಬೆನ್ನು ಹತ್ತಿ ಹೋಗ್ತಿದ್ವಿ. ಅಲ್ಲಿ ಜಂಬಕ್ಕ ಅಂತ ಒಬ್ಬಾಕಿ ಫಾರಿನ್ನಿನವರಿಗೆ ರೂಮು ಬಾಡಿಗಿ ಕೊಡ್ತಿದ್ಲು. ಯಾರೋ ಜಪಾನಿನ ಹುಡುಗಿ ಬಿಟ್ಟು ಹೋದ ಈ ಪುಸ್ತಕಾನ ರದ್ದಿಗೆ ಹಾಕಾಕ ಹೊಂಟಾಕಿ, “ಬೊಂಬಿ ಐತಿ, ನೋಡ್ಕೊಳ್ರವ್ವಾ” ಅಂತ ನಮ್ಮ ಕೈಗೆ ಕೊಟ್ಟಿದ್ಲು. ಇಟ್ಟಂಗಿಯಷ್ಟು ದಪ್ಪ. ಒಳಗ ಬರೇ ಚಿತ್ರ. ಅಕ್ಷರ ನೋಡಿದ್ರ ಇರುವಿ ಸಾಲು ಗ್ವಾಡಿ ಇಳಿದಂಗ. ನಮಗೇನು, ಮಾತು ನಾವೇ ಹಾಕಿಕೊಂಡ್ವಿ.

ನಾಯಕಿಗೆ ಮೀನಾಕ್ಷಿ ಅಂತ ಹೆಸರಿಟ್ವಿ, ಕಣ್ಣು ತಾಟಿನಷ್ಟು ಅದಾವಂತ. ನಾಯಕಗ ಕೂದ್ಲಪ್ಪ ಅಂತ, ಯಾವಾಗ್ಲೂ ಒಂದು ಕಣ್ಣಿನ ಮ್ಯಾಲೆ ಕೂದಲು ಬಿದ್ದಿರ್ತದಂತ. ಮೊದಲನೇ ಪುಟದಾಗ ಹೊಳಿ ದಂಡಿ, ಜೋಡಿಸಿ ಇಟ್ಟ ಹೆಣ್ಣು ಚಪ್ಪಲಿ, ಮನುಷ್ಯರಿಲ್ಲ. “ಸ್ನಾನಕ್ಕ ಇಳಿದಾಳ” ಅಂತಿದ್ಲು ಅಕ್ಕ. ಆಮ್ಯಾಲೆ ಕತ್ತಲಿ ಮನಿ, ಮೀನಾಕ್ಷಿ ಕಣ್ಣು ಬಾತದ, ಕೂದ್ಲಪ್ಪ ಬಟ್ಟಲು ಬೀಸಿ ಒಗೀತಾನ. “ಸಾರಿಗೆ ಉಪ್ಪಿಲ್ಲಲೇ!” ಅದು ನನ್ನ ಡೈಲಾಗು. ಪುಟ ಹೊರಳಿಸಿದಂಗೆಲ್ಲಾ ಅವ ಮೆತ್ತಗ ಆಗ್ತಾನ. ಕಿಟಕಿ ಹತ್ರ ನಿಂತು ಆಕಿನ್ನ ನೋಡ್ತಾನ, ಕೈ ಹಿಡೀತಾನ, ಮಳ್ಯಾಗ ಛತ್ರಿ ಹಿಡೀತಾನ, ಸೈಕಲ್ ಮ್ಯಾಲೆ ಕೂಡಿಸಿಕೊಂಡು ಹೋಗ್ತಾನ. ಆಖರಿಗೆ ಹೂ ಉದುರೋ ಗಿಡದ ಕೆಳಗ ಇಬ್ಬರೂ ಯೂನಿಫಾರ್ಮ್ ಹಾಕ್ಕೊಂಡು ನಕ್ಕೋತ ನಿಂತಿರ್ತಾರ.

ಯೂನಿಫಾರ್ಮ್ ಯಾಕ ಅಂತ ನಾನು ಕೇಳಿದ್ದೆ. “ಹೆಂಡ್ತಿನ್ನ ಮತ್ತ ಸಾಲಿಗೆ ಸೇರಿಸ್ಯಾನಲೇ, ಅಷ್ಟು ಒಳ್ಳೆಯವ ಆಗ್ಯಾನ. ಆಕಿಗೆ ಬ್ಯಾಸರ ಆಗಬಾರದಂತ ತಾನೂ ಸೇರ್ಯಾನ” ಅಂದಿದ್ಲು ಅಕ್ಕ. ವಯಸ್ಸು ಯಾಕ ಕಡಿಮಿ ಆಗ್ಯಾವ ಅಂದ್ರ, ಸುಖ ಬಂದ್ರ ಹಂಗೇ ಅಂತ. ಎಷ್ಟು ಸಲ ಓದಿ ಅತ್ತೀವೋ ದೇವರಿಗೇ ಗೊತ್ತು.

ಇವತ್ತು ಅಕ್ಕ ಆಖರಿ ಪುಟ ಸವರಿಕೋತ ಕೂತಿದ್ಲು. ನನಗ ಮಾತ್ರ ಮೊದಲಿನಂಗ ಕಣ್ಣೀರು ಬರಲಿಲ್ಲ. ಕೂದ್ಲಪ್ಪನ ಕೂದಲು ಹಿಡಿದು ಗ್ವಾಡಿಗೆ ಗುದ್ದಬೇಕು ಅನಿಸ್ತು. ಛತ್ರಿ ಹಿಡಿದ ಮಾತ್ರಕ್ಕ ಬಟ್ಟಲು ಒಗೆದದ್ದು ಮರೀಬೇಕೇನು? ಅಂದೆ. ಅಕ್ಕ ನಕ್ಕು, “ನೀ ಇನ್ನೂ ಸಣ್ಣಾಕಿ” ಅಂದ್ಲು. ಹೌದಲ್ಲ, ಇಪ್ಪತ್ತನಾಲ್ಕರ ಸಣ್ಣಾಕಿ.

೨೧ ಅಕ್ಟೋಬರ್

ಭಾರ್ಗವ ರಾವ್ ಬನ್ನಿ ಕೊಡಾಕ ಬಂದಿದ್ದ. ಮೊದಲು ಕಾರು ಬಂತು, ಆಮ್ಯಾಲೆ ಸ್ವೀಟಿನ ಡಬ್ಬಿ, ಆಮ್ಯಾಲೆ ಅವ. ಮಾರಿ ನೋಡಬಾರದು ಅಂತ ನಾನು ಅಡಿಗಿಮನ್ಯಾಗ ಕೂತೆ. ಅಮ್ಮ ಚಕ್ಕುಲಿ ತಾಟು ಕೈಗೆ ಕೊಟ್ಲು, ಬ್ಯಾರೆ ಯಾರೂ ಇರಲಿಲ್ಲ, ತೊಗೊಂಡು ಹೋದೆ.

“ಅರ್ಚಿತಾ, ನನ್ನ ಮ್ಯಾಲೆ ಸಿಟ್ಟದ ಅಲ್ಲ? ಇರಬೇಕು. ತಪ್ಪಾಗ್ಯದ. ಲಾರಿ ಟೆನ್ಷನ್ನು, ಪರ್ಮಿಟ್ಟು, ತಲಿ ಸರಿ ಇರಲಿಲ್ಲ” ಅಂದ. ಅಷ್ಟು ಜನರ ಎದುರಿಗೆ ತಪ್ಪು ಒಪ್ಪಿಕೊಳ್ಳೋ ಗಂಡಸನ್ನ ನಾನು ನೋಡಿರಲಿಲ್ಲ. ಅಪ್ಪ ಒಮ್ಮೆನೂ ಒಪ್ಪಿಕೊಂಡಿಲ್ಲ. ನನಗ ಅಂತ ಕ್ಯಾಮೆರಾ ಇರೋ ಮೊಬೈಲು ತಂದಿದ್ದ. ಬ್ಯಾಡ ಅಂದೆ. ಎರಡನೇ ಸಲ ಬ್ಯಾಡ ಅನ್ನಲಿಲ್ಲ.

ಹೋಗೋ ಮುಂದ ಅಪ್ಪನ ಕಿವ್ಯಾಗ ಏನೋ ಹೇಳಿದ. ಅವನ ಪಾರ್ಟನರ್ ಕಡೆ ಹುಡುಗ ಒಬ್ಬ ಅದಾನಂತ, ವೇದಾಂತ್ ಅಂತ, ಎಂಜಿನಿಯರು. ಅಪ್ಪನ ಮಾರಿ ನೋಡಬೇಕಿತ್ತು.

ಅಕ್ಕ ಕಾರಿನ ಮುಂದಿನ ಸೀಟಿನಾಗ ಕೂತು ಹೋದ್ಲು. ಕಳಿಸಿದ್ದು ನಾನಲ್ಲ, ಆಕಿನೇ ಹೋದದ್ದು.

೧೮ ನವೆಂಬರ್

ವೇದಾಂತ್ ಬಂದು ನೋಡಿ ಹೋದ. ನೋಡಿದ್ದು ಅವ ಅಲ್ಲ, ನಾನು. ಎತ್ತರ, ನಗೋ ಮುಂದ ಗಲ್ಲದಾಗ ಗುಳಿ, ಕಾರಿನ ವಿಷಯ ಬಿಟ್ಟು ಬ್ಯಾರೆ ಮಾತು ಕಡಿಮಿ. “ಹೋಟೆಲ್ ರಿಸೆಪ್ಷನ್ನಿನಾಗ ಇರ್ತೀರಂತ, ನಮ್ಮಂಥವರನ್ನ ದಿನಾ ನೋಡ್ತೀರಿ” ಅಂದ. ದಿನಾ ನೋಡ್ತೀನಿ ಅಪ್ಪಾ. ಗಣಿಯವರು ಬೂಟು ಒರೆಸದ ನಡೆದು ನಡೆದು ನಮ್ಮ ಲಾಬಿ ಕಾರ್ಪೆಟ್ ಕೆಂಪಾಗಿ, ಮ್ಯಾನೇಜರ್ ಸೋತು ಈಗ ಕೆಂಪು ಕಾರ್ಪೆಟ್ಟೇ ಹಾಕಿಸ್ಯಾರ. ಇದನ್ನ ಹೇಳಿದ್ದಕ್ಕ ಜೋರಾಗಿ ನಕ್ಕ. ನನ್ನ ಮಾತಿಗೆ ಹಂಗ ಯಾರೂ ನಕ್ಕಿರಲಿಲ್ಲ.

ಎಲ್ಲಾ ಭಾವನೇ ಮುಂದ ನಿಂತು ಮಾಡಿಸಿದ್ರು. ಅಕ್ಕನೂ ಬಂದಿದ್ಲು, ಉಪ್ಪಿಟ್ಟು ಮಾಡಿದ್ಲು, ಭಾವನ ಪಕ್ಕ ಕೂತಿದ್ಲು. ಏನೂ ಆಗೇ ಇಲ್ಲ ಅನ್ನೋ ಹಂಗ. ನಾನು ಸುಮ್ನೆ ಭಾಳ ತಲಿ ಕೆಡಿಸಿಕೊಂಡಿದ್ದೆ ಅನಿಸ್ತು.

೨ ಡಿಸೆಂಬರ್

ಅಕ್ಕ ಹೋಟೆಲ್ಲಿಗೆ ಫೋನ್ ಮಾಡಿದ್ಲು. ಕೌಂಟರ್ ಮುಂದ ಚೆಕ್‌ಇನ್‌ಗೆ ಮಂದಿ. ಮಾತಾಡೋದಿಲ್ಲ, ಬರೇ ಉಸಿರು. “ಏನು ಹೇಳು ಜಲ್ದಿ” ಅಂದೆ. “ಏನಿಲ್ಲ, ನಿನ್ನ ಧ್ವನಿ ಕೇಳಬೇಕನಿಸ್ತು” ಅಂದ್ಲು. ಡ್ಯೂಟಿ ಟೈಮಿನಾಗ ಧ್ವನಿ ಕೇಳಸ್ಕೋತ ಕೂಡಾಕ ಆಗ್ತದೇನು? ಇಟ್ಟೆ.

ವೇದಾಂತ್ ಮೆಸೇಜು ಮಾಡಿದ್ದ. ಗುಡ್ ಮಾರ್ನಿಂಗು, ಕೆಳಗ ಗುಲಾಬಿ.

೯ ಡಿಸೆಂಬರ್

ಮತ್ತ ಬಂದಾಳ. ಈ ಸಲ ಬಲಗೈಯ ಎರಡು ಬೆರಳಿಗೆ ಪಟ್ಟಿ. ಬಾಗಿಲಿನಾಗ ಸಿಕ್ಕಿತು ಅಂದ್ಲು ಅಮ್ಮಗ. ನನ್ನ ಮುಂದ ಮಾತ್ರ, “ಬಾಗಿಲು ಹಾಕಿದ್ದು ಅವರು” ಅಂದ್ಲು.

ಪಾಪ ಅನಿಸಲಿಲ್ಲ ಅಂತಲ್ಲ. ಆದ್ರ ಮುಂದಿನ ಆದಿತ್ಯವಾರ ನನ್ನ ನಿಶ್ಚಿತಾರ್ಥ. ಆದಿತ್ಯವಾರ! ಬಂಧು ಬಳಗ ಎಲ್ಲಾ ಬರೋದು, ಈಕಿ ಪಟ್ಟಿ ಕಟ್ಟಿಕೊಂಡು ತೌರುಮನ್ಯಾಗ ಕೂತ್ರ ವೇದಾಂತನ ತಾಯಿ ಏನು ತಿಳೀತಾಳ? ಆ ತಾಯಿ ಎಂಥಾಕಿ ಅಂದ್ರ, ನಮ್ಮ ಮನಿ ಪರದೆ ಬಟ್ಟಿ ತಿರುವಿ ಹಿಂದಿನ ಹೊಲಿಗಿ ನೋಡಿದಾಕಿ.

ಊಟ ಆದ ಮ್ಯಾಲೆ ಅಕ್ಕನ್ನ ಮ್ಯಾಲಿನ ರೂಮಿಗೆ ಕರಕೊಂಡು ಹೋಗಿ ಕೂದ್ಲಪ್ಪನ್ನ ತೆಗೆದೆ. ಮೊದಲಿನಂಗ ಇಬ್ಬರೂ ಬೋರಲು ಮಲಗಿ ಓದಿದ್ವಿ. ಬಟ್ಟಲು ಒಗಿಯೋ ಪುಟದಾಗ ಅಕ್ಕ ಕಣ್ಣು ಮುಚ್ಚಿಕೊಂಡ್ಲು. “ಕಣ್ಣು ತೆಗಿ. ಮೀನಾಕ್ಷಿಗೆ ಕಣ್ಣೇ ಬಾತದ, ನಿನಗ ಬೆರಳು. ಆಕಿ ಎಲ್ಲಿಗಾದ್ರೂ ಓಡಿ ಹೋದ್ಲೇನು? ಮುಂದಿನ ಪುಟಕ್ಕ ಹೋದ್ಲು” ಅಂದೆ. ನನಗೇ ನನ್ನ ಮಾತು ಭಾಳ ಚಲೋ ಅನಿಸ್ತು.

ಈ ಸಲ ಕೂದ್ಲಪ್ಪನ ಮ್ಯಾಲೆ ನನಗ ಅಷ್ಟು ಸಿಟ್ಟು ಬರಲಿಲ್ಲ. ಕಿಟಕಿ ಹತ್ರ ನಿಂತಿರೋ ಚಿತ್ರದಾಗ ಅವನ ಮಾರಿ ನೋಡಿದ್ರ ಅವನಿಗೂ ಏನೋ ಸಂಕಟ ಅದ. ಗಂಡಸರು ಹೇಳಿಕೊಳ್ಳೋದಿಲ್ಲ.

೧೧ ಡಿಸೆಂಬರ್

ಅಕ್ಕ ಇವತ್ತು ಬೆಳಿಗ್ಗೆ ವಾಪಸ್ ಹೋದ್ಲು. ಬಸ್ ಸ್ಟ್ಯಾಂಡಿನ ತನಕ ಆಟೋದಾಗ ನಾನೇ ಬಿಟ್ಟು ಬಂದೆ. ಅಪ್ಪ ಅಮ್ಮಗ ಆಗದ ಕೆಲಸ ಒಂದು ಚಿತ್ರದ ಪುಸ್ತಕದಿಂದ ಆತು. ಭಾವ ಫೋನ್ ಮಾಡಿ, “ಮನ್ಯಾಗ ಬುದ್ಧಿ ಇರೋದು ನಿನಗ ಒಬ್ಬಾಕಿಗೇ” ಅಂದ್ರು.

೧೬ ಡಿಸೆಂಬರ್

ನಿಶ್ಚಿತಾರ್ಥ ಮಸ್ತ್ ಆತು. ಅಕ್ಕ ಉದ್ದ ತೋಳಿನ ಬ್ಲೌಸು ಹಾಕಿದ್ಲು, ಸೆರಗಿನಾಗ ಕೈ ಇಟ್ಟುಕೊಂಡಿದ್ಲು, ಯಾರಿಗೂ ಗೊತ್ತಾಗಲಿಲ್ಲ. ಮದುವಿ ಫೆಬ್ರವರಿ ಹತ್ತಕ್ಕ.

೨೬ ಡಿಸೆಂಬರ್

ಇವತ್ತು ಆಗಿದ್ದು ಹೆಂಗ ಬರೀಲಿ?

ನಮ್ಮ ಹೋಟೆಲ್ಲಿನಾಗ ಯೂಕೊ ಅಂತ ಜಪಾನಿನ ಹೆಂಗಸು ಇಳಿದಾಳ, ಹಂಪಿ ನೋಡಾಕ ಬಂದಾಕಿ. ನನ್ನಷ್ಟೇ ಹರಕು ಇಂಗ್ಲಿಷು, ಅದಕ್ಕ ನಮ್ಮಿಬ್ಬರಿಗೂ ಚಲೋ ಕೂಡಿತು. ನಿಮ್ಮ ದೇಶದ ಪುಸ್ತಕ ನಮ್ಮನ್ಯಾಗ ಒಂದದ ಅಂತ ನಿನ್ನೆ ಹೇಳಿದ್ದೆ. ಇವತ್ತು ಒಯ್ದು ತೋರಿಸಿದೆ. ನೋಡಿದಾಕಿನೇ ಎರಡೂ ಕೈಲೆ ಬಾಯಿ ಮುಚ್ಚಿಕೊಂಡ್ಲು. ಆಕಿ ತಾಯಿ ಹುಡುಗಿ ಇದ್ದಾಗ ಓದಿದ ಪುಸ್ತಕಂತ. ಆಗಿನ ಹುಡುಗಿಯರೆಲ್ಲಾ ಇದನ್ನ ತಲಿದಿಂಬಿನ ಕೆಳಗ ಇಟ್ಟುಕೊಂಡು ಮಲಗ್ತಿದ್ರಂತ. ಇಂಥಾ ಚಿತ್ರದ ಕಥಿಗೆ ಅವರು ಮಾಂಗಾ ಅಂತಾರ.

ಪುಸ್ತಕ ಇಸಗೊಂಡಾಕಿ ಅದನ್ನ ಹೊರಳಿಸಿ ಇಟ್ಲು. “ಮೇಡಂ, ಅದು ಹಿಂದಿನ ರಟ್ಟು” ಅಂದೆ. “ಇಲ್ಲ, ನಮಗ ಇದೇ ಮುಂದಿನದು” ಅಂದ್ಲು. ಬಲಗಡೆಯಿಂದ ಎಡಗಡೆ ಓದ್ತಾರಂತ. ನಮ್ಮ ಆಖರಿ ಪುಟ ಅವರ ಮೊದಲನೇ ಪುಟ.

ಬೆರಳಿಟ್ಟು ತೋರಿಸ್ಕೋತ ಹೋದ್ಲು. ಇಬ್ಬರೂ ಸಾಲಿ ಹುಡುಗರು. ಹೂವಿನ ಗಿಡದ ಕೆಳಗ ಮೊದಲನೇ ಸಲ ನೋಡ್ತಾರ. ಸೈಕಲ್ಲು. ಛತ್ರಿ. ಕೈ ಹಿಡಿಯೋದು. ಮದುವಿ. ಆಮ್ಯಾಲೆ ಅವ ಕಿಟಕಿ ಹತ್ರ ನಿಂತು ನೋಡೋದು ಪ್ರೀತಿಯಿಂದಲ್ಲ, ಆಕಿ ಎಲ್ಲಿ ಹೋಗಿದ್ಲು ಅಂತ ಕಾಯೋದು. ಆಮ್ಯಾಲೆ ಬಟ್ಟಲು. ಆಮ್ಯಾಲೆ ಕಣ್ಣು.

“ಚಪ್ಪಲಿ?” ಅಂತ ಕೇಳಿದೆ. ಯೂಕೊ ಪುಸ್ತಕ ಮುಚ್ಚಿದ್ಲು. ಅವರ ಕಡೆ ನೀರಿನ ದಂಡಿಗೆ ಚಪ್ಪಲಿ ಹಂಗ ಜೋಡಿಸಿ ಬಿಟ್ಟವರು ತಿರುಗಿ ಬಂದು ಹಾಕ್ಕೊಳ್ಳಾಕ ಅಂತ ಬಿಡೋದಿಲ್ಲಂತ.

ನಾವು ಹೆಂಗ ಓದಿದ್ವಿ ಅಂತ ಹೇಳಿದೆ, ಹೆಂಡ್ತಿನ್ನ ಸಾಲಿಗೆ ಸೇರಿಸಿದ್ದನ್ನೂ ಹೇಳಿದೆ. ಹೊಟ್ಟಿ ಹಿಡಕೊಂಡು ನಕ್ಲು. ನಾನೂ ನಕ್ಕೆ. ಆಮ್ಯಾಲೆ ಆಕಿ, “ನಿಮ್ಮ ಕಥಿನೇ ಚಲೋ ಅದ” ಅಂದ್ಲು.

ಮನಿಗೆ ಬಂದು ಅಮ್ಮಗ ಹೇಳಿದೆ. ಹಿಟ್ಟು ನಾದೋದು ನಿಲ್ಲಿಸಿ, “ಅಯ್ಯ ನನ ಶಿವನ, ನಿಮ್ಮಕ್ಕ ಲಕ್ಷ್ಮಿಗೆ ನೀ ಅದನ್ನೇ ತೋರಿಸಿ ಕಳಿಸಿದ್ಯಲ್ಲೇ” ಅಂದ್ಲು. ಅಮ್ಮಗ ಎಲ್ಲಾದರಾಗೂ ಅಳು. ಅದು ಪುಸ್ತಕ ಅಮ್ಮಾ, ಪಂಚಾಂಗ ಅಲ್ಲ.

೨೭ ಡಿಸೆಂಬರ್

ಅಕ್ಕಗ ಹೇಳಬೇಕಂತ ನಂಬರ್ ಒತ್ತಿದೆ, ಕಟ್ ಮಾಡಿದೆ. ಹೇಳಿ ಏನಾಗಬೇಕು? ಆಕಿಗೆ ಇರೋ ಒಂದು ಸಮಾಧಾನ ಕಿತ್ತುಕೊಂಡಂಗ. ನಾನು ಅಷ್ಟು ಕೆಟ್ಟಾಕಿ ಅಲ್ಲ.

ಪುಸ್ತಕ ನನ್ನ ಬೀರುವಿನಾಗ ರೇಷ್ಮಿ ಸೀರಿ ಕೆಳಗ ಇಟ್ಟೀನಿ. ರಾತ್ರಿ ಒಮ್ಮೆ ತೆಗೆದು ಅವರಂಗ ಬಲಗಡೆಯಿಂದ ನೋಡಿದೆ. ಶುರುವಿಗೆ ಭಾಳ ಚಂದ ಅದ, ಛತ್ರಿ ಪುಟದಾಗ ಕೂದ್ಲಪ್ಪ ಥೇಟ್ ವೇದಾಂತನಂಗ ಕಾಣ್ತಾನ. ಅಲ್ಲಿಗೇ ಮುಚ್ಚಿಟ್ಟೆ.

೧೪ ಜನವರಿ ೨೦೦೮

ನಾಳೆ ಸಂಕ್ರಾಂತಿ. ಎಳ್ಳು ಬೆಲ್ಲ ಕಲಿಸ್ತಿದ್ವಿ, ಅಕ್ಕ ಬಂದು ನಿಂತ್ಲು. ಈ ಸಲ ಬ್ಯಾಗು ದೊಡ್ಡದು. ಮೈ ಮ್ಯಾಲೆ ಏನೂ ಕಾಣಲಿಲ್ಲ. ಕಾಣದಂಗ ಹೊಡಿಯೋದು ಕಲ್ತಾರ ಅಂದ್ಲು, ಮಜ್ಜಿಗಿ ಬೇಕು ಅಂದಷ್ಟೇ ಸಪ್ಪಗ.

ಅಪ್ಪ ಹೊರಗ ಹೋದ ಮ್ಯಾಲೆ ನನಗ ಹೇಳಿದ್ಲು. ಆಕಿ ಜೊತಿ ಡಿಗ್ರಿ ಓದಿದ ಗಾಯತ್ರಿ ಕಂಪ್ಲ್ಯಾಗ ಒಂದು ಸಾಲಿ ಹೆಣ್ಣುಮಕ್ಕಳ ಹಾಸ್ಟೆಲ್ ನೋಡ್ಕೋತಾಳ. ವಾರ್ಡನ್ ಕೆಲಸ ಖಾಲಿ ಅದ, ಇರಾಕ ರೂಮು, ಎರಡು ಹೊತ್ತು ಊಟ. ನಾಡಿದ್ದು ಬಂದು ಸೇರು ಅಂದಾಳಂತ.

“ಸಾಯೋ ಹಂಗ ಆಗ್ಯದ ಅರ್ಚೂ. ಇನ್ನೊಮ್ಮೆ ಆ ಮನಿಗೆ ಹೋದ್ರ ನಾನು ಉಳಿಯೋದಿಲ್ಲ.”

ಮದುವಿಗೆ ಇನ್ನೂ ಒಂದು ತಿಂಗಳೂ ಇಲ್ಲ. ಲಗ್ನಪತ್ರಿಕಿ ಹಂಚಿ ಆಗ್ಯದ, ಅದರಾಗ “ಶ್ರೀಮತಿ ಶ್ರೀಲಕ್ಷ್ಮೀ ಮತ್ತು ಶ್ರೀ ಭಾರ್ಗವ ರಾವ್” ಅಂತ ದಪ್ಪ ಅಕ್ಷರದಾಗ ಅದ. ಈಕಿ ಕಂಪ್ಲ್ಯಾಗ ಕೂಲಿ ಮಾಡಿಕೊಂಡು ಕೂತ್ರ ಯಾವ ಮಾರಿ ಹೊತ್ತು ಮಂಟಪದಾಗ ಕೂಡ್ಲಿ?

೧೫ ಜನವರಿ

ಎಳ್ಳು ಬೀರಿ ಬಂದು ಅಕ್ಕ ನನ್ನನ್ನ ಮ್ಯಾಲೆ ಕರಕೊಂಡು ಹೋದ್ಲು. ಬಾಗಿಲು ಹಾಕಿದ್ಲು. “ಅಪ್ಪನ್ನ ಕೇಳೋದಿಲ್ಲ, ಕೇಳಿದ್ರ ಏನಂತಾರ ಗೊತ್ತದ. ಅಮ್ಮಗ ಧೈರ್ಯ ಇಲ್ಲ. ನೀ ಒಬ್ಬಾಕಿ ಹೂಂ ಅನ್ನು, ನಾಳೆ ಮೊದಲನೇ ಬಸ್ಸಿಗೆ ಕಂಪ್ಲಿಗೆ ಹೋಗ್ತೀನಿ. ಈ ಮನ್ಯಾಗ ಒಬ್ಬರಾದ್ರೂ ಹೋಗು ಅಂದ್ರ ಸಾಕು ನನಗ.”

ಮಾತು ಕೆಳಗ ಕೇಳಬಾರದಂತ ನಾನು ಕಿಟಕಿ ಹಾಕಿದೆ.

“ಅರ್ಚೂ, ನಮ್ಮ ಕೂದ್ಲಪ್ಪ ಆಖರಿಗೆ ಒಳ್ಳೆಯವ ಆದ ಅಲ್ಲ?” ಅಂತ ಕೇಳಿದ್ಲು. ಹಂಗ ನೆಟ್ಟಗ ಕಣ್ಣಾಗ ಕಣ್ಣಿಟ್ಟು.

“ಆದ” ಅಂದೆ. “ನೀನೇ ಓದೀದಿಯಲ್ಲ.”

“ಖರೇ?”

“ಖರೇ ಅಂದ್ರ ಖರೇ. ಮೀನಾಕ್ಷಿ ತಡಕೊಂಡ್ಲು, ಅವ ಬದಲಾದ. ನೀನೂ ತಡಕೋ. ನನ್ನ ಮದುವಿ ಆಗೋ ತನಕಾದ್ರೂ ಇರು. ಒಂದು ತಿಂಗಳು ಏನು ಮಹಾ? ಸ್ವಂತ ತಂಗಿ ಸಲುವಾಗಿ ಅಷ್ಟು ಆಗೋದಿಲ್ಲೇನು ನಿನಗ?”

ಅಕ್ಕ ತಲಿ ಆಡಿಸಿದ್ಲು. “ಆತು” ಅಂದ್ಲು. ಇಷ್ಟು ಹಗುರಾಗಿ ಒಪ್ತಾಳ ಅಂತ ಅಂದುಕೊಂಡಿರಲಿಲ್ಲ. ಕೆಳಗ ಹೋಗಿ ಅಮ್ಮನ ಜೊತಿ ಪಾತ್ರಿ ತಿಕ್ಕಿದ್ಲು.

ಆದ್ರ ಆಕಿ ಮನಸ್ಸು ನಂಬಾಕ ಆಗ್ತದೇನು? ಬ್ಯಾಗು ಇನ್ನೂ ಕಟ್ಟಿದ್ದು ಹಂಗೇ ಇತ್ತು. ಭಾವಗ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಜಲ್ದಿ ಬರ್ರಿ ಅಂದೆ. ಕಂಪ್ಲಿ ವಿಷಯನೂ ಹೇಳಬೇಕಾತು. ಗಾಯತ್ರಿ ಹೆಸರು ಹೇಳಿದೆ. ಭಾವ ಸಿಟ್ಟಾಗಲಿಲ್ಲ, ನಕ್ರು. ಆ ಸಾಲಿ ಕಮಿಟಿಯವರ ಲಾರಿ ಇವರ ಕಡೆನೇ ಓಡ್ತಾವಂತ. “ಆ ಬಾಗಿಲು ನಾ ಮುಚ್ಚಸ್ತೀನಿ ಬಿಡು” ಅಂದ್ರು.

ನನಗ ಆವಾಗ ನಿದ್ದಿ ಬರೋ ಹಂಗ ಆತು.

೧೬ ಜನವರಿ

ಭಾವ ಏಳಕ್ಕೆಲ್ಲಾ ಬಂದು ಹೊರಗ ಕಾರಿನಾಗೇ ಕೂತ್ರು. ಅಕ್ಕ ಸ್ನಾನ ಮಾಡಿ, ಹೆರಳು ಹಾಕ್ಕೊಂಡು, ದೇವರಿಗೆ ನಮಸ್ಕಾರ ಮಾಡಿದ್ಲು. ಯಾರು ಫೋನ್ ಮಾಡಿದ್ರು ಅಂತ ಕೇಳಲಿಲ್ಲ.

ಹಬ್ಬಕ್ಕ ಬಂದ ಮಗಳನ್ನ ಬರೀ ಉಡಿಲೇ ಗಂಡನ ಮನಿಗೆ ಕಳಿಸಬಾರದು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಖಣ ಎಲ್ಲಾ ನಾನೇ ತಾಟಿನಾಗ ಜೋಡಿಸಿದೆ. ಅಮ್ಮ ಬಂದು ಉಡಿ ತುಂಬಬೇಕು, ಎಲ್ಲಿ? ಹಾಸಿಗಿ ಮ್ಯಾಲೆ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದಾಕಿ ಏಳಲಿಲ್ಲ. “ನನ್ನ ಕೈಲೆ ಆಗೂದಿಲ್ಲ. ಈ ಉಡಿ ನಾ ತುಂಬೂದಿಲ್ಲ. ನನ್ನ ಕೊಂದ್ರೂ ತುಂಬೂದಿಲ್ಲ” ಅಂತ ಒಂದೇ ಮಾತು. ಅಪ್ಪ ಬೈದ್ರು, ಕೈ ಹಿಡಿದು ಎಬ್ಬಿಸಿದ್ರು, ಜೋತುಬಿದ್ದು ಕೂತ್ಲು. ಹೊರಗ ಹಾರ್ನು. ಒಂದಲ್ಲ ಒಂದು ನಾಟಕ ಈ ಮನ್ಯಾಗ.

ಮದುವಿ ಆಗದಾಕಿ ಉಡಿ ತುಂಬಬಾರದು ಅಂತಾರ. ಏನು ಮಾಡ್ಲಿ, ಟೈಮಿರಲಿಲ್ಲ. ನಾನೇ ತುಂಬಿದೆ.

ಅಕ್ಕ ಮಣಿ ಮ್ಯಾಲೆ ಕೂತು ಸೆರಗು ಹರವಿ ಹಿಡಿದ್ಲು. ಬೆರಳು ಇನ್ನೂ ನೆಟ್ಟಗ ಆಗಿಲ್ಲ, ಅಕ್ಕಿ ಸಂದಿಲೆ ಜಾರಿತು. ಜಾರಿದ್ದನ್ನ ಆರಿಸಿ ಹಾಕಿದೆ. ಆವಾಗ ಆಕಿ ಸಣ್ಣ ಧ್ವನಿಲೆ, ಅಪ್ಪಗ ಕೇಳಿಸದಂಗ, ಮಾತಾಡಿದ್ಲು.

“ಹೊಸ ವರ್ಷಕ್ಕ ಅದಿರು ಕೊಳ್ಳಾಕ ಜಪಾನಿನವರು ಬಂದಿದ್ರು, ನಮ್ಮನ್ಯಾಗ ಊಟ. ಒಬ್ಬಾತ ಸೋಫಾದಾಗ ಕೂತು ಏನೋ ಪುಸ್ತಕ ಓದ್ತಿದ್ದ. ನಾವು ಮುಗಿಸೋ ಕಡೆಯಿಂದ ಶುರು ಮಾಡಿದ್ದ. ನಿಮ್ಮ ಕಡೆ ಎಲ್ಲಾ ಹಿಂಗೇನು ಅಂತ ಕೇಳಿದೆ. ಹೌದು ಅಂದ.”

ನನ್ನ ಕೈಯಾಗ ಕೊಬ್ಬರಿ ಬಟ್ಟಲು ಇತ್ತು.

“ಮೊನ್ನೆ ಬಂದ ಕೂಡ್ಲೇ ಅಮ್ಮ ಹೇಳಿದ್ಲು, ನಿನ್ನ ಹೋಟೆಲ್ಲಿನಾಗ ಒಬ್ಬಾಕಿ ನಿನಗೂ ಹೇಳಿ ಹೋಗ್ಯಾಳಂತ. ಆದ್ರೂ ಕೇಳಿದೆ. ಕೇಳಿ ನೋಡೋಣ ಅನಿಸ್ತು. ಇಲ್ಲ ಅಕ್ಕ, ಅವ ಒಳ್ಳೆಯವ ಆಗಲಿಲ್ಲ ಅಂತ ನೀ ಅಂದಿದ್ರ, ಯಾರನ್ನೂ ಕೇಳದ ಕಂಪ್ಲಿ ಬಸ್ ಹತ್ತತಿದ್ದೆ. ಹಾಕು, ಕೊಬ್ಬರಿ ಹಾಕು. ಅವರು ಕಾಯಾಕತ್ಯಾರ.”

ಹಾಕಿದೆ. ಕುಂಕುಮ ಹಚ್ಚಿದೆ. ಸೆರಗು ಗಂಟು ಕಟ್ಟಿಕೊಂಡು ಎದ್ಲು, ಅಪ್ಪನ ಕಾಲಿಗೆ ಬಿದ್ಲು, ಕಾರು ಹತ್ತಿದ್ಲು.

ನ್ಯಾಯ ನೋಡು ಈಕಿದು! ಅಷ್ಟು ಗೊತ್ತಿದ್ದಾಕಿ ಸುಮ್ಮನ ಹೋಗಬೇಕಿತ್ತು, ನನ್ನನ್ನ ಯಾಕ ಕೇಳಬೇಕು? ಪರೀಕ್ಷಾ ಮಾಡಾಕ ನಾನೇನು ಆಕಿ ವಿದ್ಯಾರ್ಥಿನಾ? ಕೇಳಿ, ಎಲ್ಲಾ ಭಾರ ನನ್ನ ತಲಿಗೆ ಕಟ್ಟಿ ಹೋದ್ಲು. ಮೊದಲಿನಿಂದನೂ ಹಿಂಗೇ, ತಾನು ಮಾಡಬೇಕಾದ್ದನ್ನ ಇನ್ನೊಬ್ಬರ ಬಾಯಿಲೆ ಹೇಳಿಸೋದು. ಮಧ್ಯಾಹ್ನ ಊಟ ಸೇರಲಿಲ್ಲ ನನಗ, ಸಿಟ್ಟಿಗೆ.

ಸಂಜಿಗೆ ಟೈಲರ್ ಕಡೆ ಹೋಗಿ ಬ್ಲೌಸು ಹಾಕ್ಕೊಂಡು ನೋಡಿದೆ. ತೋಳು ಬಿಗಿ ಆಗ್ಯದ, ಬಿಚ್ಚಿ ಹೊಲೀಬೇಕು.

೧೧ ಫೆಬ್ರವರಿ

ಮದುವಿ ನಿನ್ನೆ ಆತು. ಇನ್ನ ಈ ಡೈರಿ ಇಲ್ಲೇ ತೌರುಮನ್ಯಾಗ ಇರಲಿ, ಅಲ್ಲಿಗೆ ಒಯ್ಯೋದಿಲ್ಲ.

ಭಾವ ಒಬ್ಬರೇ ಬಂದಿದ್ರು. ಅಕ್ಕಗ ಆರಾಮಿಲ್ಲಂತ, ಏಳೋ ಹಂಗಿಲ್ಲಂತ, ಡಾಕ್ಟರು ಯಾರನ್ನೂ ನೋಡಾಕ ಬಿಡಬ್ಯಾಡ್ರಿ ಅಂದಾರಂತ. ಎಲ್ಲಾ ಓಡಾಟ ಅವರೇ ಮಾಡಿದ್ರು, ಐಸ್‌ಕ್ರೀಮ್ ತನಕ. ವೇದಾಂತನ ತಾಯಿ, “ಎಂಥಾ ಅಳಿಯನ್ನ ಪಡದೀರಿ” ಅಂದ್ಲು ಅಪ್ಪಗ.

ಧಾರಿ ಮುಗಿದು ಎಲ್ಲರೂ ಅಕ್ಷತಿ ಹಾಕೋ ಮುಂದ ಅಮ್ಮ ಸೀದಾ ಭಾವನ ಮುಂದ ಹೋಗಿ ನಿಂತ್ಲು. “ನನ್ನ ಮಗಳು ಜೀವಂತ ಅದಾಳೋ ಇಲ್ಲೋ, ಅಷ್ಟು ಹೇಳ್ರಿ” ಅಂದ್ಲು. ಜೋರಾಗೇ ಅಂದ್ಲು. ಓಲಗದವರು ಬಾರಿಸೋದು ನಿಲ್ಲಿಸಿದ್ರು. ಅಲ್ಲಿದ್ದವರೆಲ್ಲಾ ತಿರುಗಿದ್ರು. ಭಾವ ನನ್ನ ಕಡೆ ನೋಡಿದ್ರು.

ನಾನು ಮಂಟಪದಿಂದನೇ, “ಅಮ್ಮಾ, ಇವತ್ತು ಬ್ಯಾಡ” ಅಂದೆ.

ಅಮ್ಮ ನನ್ನ ಮಾರಿ ನೋಡಿದ್ಲು, ಕೈಯಾಗಿದ್ದ ಅಕ್ಷತಿ ನನ್ನ ತಲಿ ಮ್ಯಾಲೆ ಹಾಕಿದ್ಲು, ಹೋಗಿ ಮೂಲ್ಯಾಗ ಕೂತ್ಲು. ಓಲಗ ಮತ್ತ ಶುರು ಆತು.